ನೆಲನೆಲ್ಲಿಗೊಂದು ಗುರುತಿನ ಚೀಟಿ

ಮುಂಗಾರು ಹಿಡಿದು ಹದಿನೈದು ದಿನವಾದರೆ ಸಾಕು, ನಮ್ಮ ಮೇಳಿಗೆಯಲ್ಲಿ ನೆಲನೆಲ್ಲಿಯನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಂಗಳದ ಮೂಲೆ, ಕೊಟ್ಟಿಗೆಯ ಹಿಂಬದಿ, ಗದ್ದೆಯ ಅಂಚು, ಅಡಿಕೆ ತೋಟದ ಬಸಿಗಾಲುವೆಯ ದಂಡೆ, ಕೊನೆಗೆ ಅಮ್ಮ ಜತನದಿಂದ ಸಾಕಿದ ಗುಲಾಬಿ ಕುಂಡದಲ್ಲೂ ತಾನಾಗಿ ಏಳುತ್ತದೆ. ಹೆಚ್ಚೆಂದರೆ ಮೊಣಕಾಲುದ್ದದ ಗಿಡ. ಎಲೆ ನೋಡಿದರೆ ಹುಣಸೆಯ ನೆನಪು. ಕಡ್ಡಿಯನ್ನು ಮಗುಚಿದರೆ ಅಡಿಯಲ್ಲಿ ಮಣಿ ಪೋಣಿಸಿದ ಹಾಗೆ ಪುಟ್ಟ ಹಸಿರು ಕಾಯಿಗಳ ಸಾಲು. ಕತ್ತಲಾಗುತ್ತಿದ್ದಂತೆ ಎಲೆ ಮಡಚಿಕೊಂಡು ಮಲಗಿಬಿಡುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದು ಬರೀ ಕಳೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಯಾವ ಅಜ್ಜಿಯನ್ನು ಬೇಕಾದರೂ ಕೇಳಿ, ಒಂದೇ ಉತ್ತರ ಬರುತ್ತದೆ: ‘ಕಾಮಾಲೆಗೆ ಮದ್ದು.’

ಈ ಉತ್ತರ ನಮ್ಮೂರಿನ ಗಡಿಗೇ ನಿಲ್ಲುವುದಿಲ್ಲ. ತಮಿಳುನಾಡಿನಲ್ಲೂ ಕೇರಳದಲ್ಲೂ ಇದು ಕಾಮಾಲೆಯ ಗಿಡವೇ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಇದರ ಅಕ್ಕನೋ ತಂಗಿಯೋ ಆದ ಇನ್ನೊಂದು ಗಿಡವನ್ನು ಯಕೃತ್ತಿನ ತೊಂದರೆಗಳಿಗೆ ಕೊಡುತ್ತಾರೆ. ಈಗ ಅಲ್ಲಿ ಅದು ಕ್ಯಾಪ್ಸೂಲ್ ಆಗಿಯೂ ಸಿಗುತ್ತದೆ. ಅವರು ಇಟ್ಟ ಹೆಸರು ‘ಯೆ ಶಿಯಾ ಝು’, ಅಂದರೆ ಎಲೆಯ ಕೆಳಗಿನ ಮುತ್ತು. ತಮಿಳರ ‘ಕೀಳ್ಕಾಯ್ ನೆಲ್ಲಿ’ ಕೂಡ ಅದನ್ನೇ ಹೇಳುತ್ತದೆ, ಕಾಯಿ ಕೆಳಗಿರುವ ನೆಲ್ಲಿ ಎಂದು. ಭಾಷೆ ಬೇರೆ, ಊಟ ಬೇರೆ, ಆದರೆ ಎಲ್ಲರೂ ಕಡ್ಡಿಯನ್ನು ಮಗುಚಿ ನೋಡಿದ್ದಾರೆ!

ನಮ್ಮವರು ಇಟ್ಟ ಹೆಸರಿನ ಜಾಣತನ ನನಗೆ ಇನ್ನೂ ಇಷ್ಟ. ಬೆಟ್ಟದ ನೆಲ್ಲಿ ಮರ, ಇದು ನೆಲಕ್ಕಂಟಿದ ಗಿಡ. ಆದರೂ ‘ನೆಲ’ಕ್ಕೆ ‘ನೆಲ್ಲಿ’ ಸೇರಿಸಿ ಎರಡೂ ಒಂದೇ ಮನೆತನ ಅಂದುಬಿಟ್ಟರು. ಸಸ್ಯವಿಜ್ಞಾನವೂ ಎರಡನ್ನೂ ಫಿಲ್ಲಾಂಥಸ್ ಎಂಬ ಒಂದೇ ಕುಲಕ್ಕೆ ಸೇರಿಸಿದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇದನ್ನು ಗುರುತಿಸಿದವರನ್ನು ಕೇವಲ ‘ಹಳ್ಳಿ ಜನ’ ಎಂದು ಬದಿಗಿಡಲು ಬಾಟನಿ ಓದುತ್ತಿರುವ ನನಗಂತೂ ಮನಸ್ಸು ಬರುವುದಿಲ್ಲ.

ಇದು ಬರೀ ಮದ್ದಲ್ಲ, ಅಡುಗೆಯೂ ಹೌದು. ಒಂದು ಹಿಡಿ ನೆಲನೆಲ್ಲಿ ಸೊಪ್ಪನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಚೂರು ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ. ಸ್ವಲ್ಪ ಕಹಿ ಇರುತ್ತದೆ. ಅಮಾರಸ್ ಎಂಬ ಲ್ಯಾಟಿನ್ ಪದಕ್ಕೂ ಕಹಿ ಎಂದೇ ಅರ್ಥ. ನಮ್ಮಲ್ಲಿ ಹೆಚ್ಚಾಗಿ ಸಿಗುವ ನೆಲನೆಲ್ಲಿಯ ಪೂರ್ತಿ ಹೆಸರು ಫಿಲ್ಲಾಂಥಸ್ ಅಮಾರಸ್. ಬಿಸಿ ಅನ್ನಕ್ಕೆ ಈ ತಂಬುಳಿ ಕಲಸಿಕೊಂಡು ಉಂಡವರಿಗೆ ಕಹಿಯ ದೂರು ಇರುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ನಾವು ‘ಶುದ್ಧ ನಾಟಿ’ ಎಂದು ಹೆಮ್ಮೆಪಡುವ ಈ ಅಮಾರಸ್ ಮೂಲದಲ್ಲಿ ಅಮೆರಿಕ ಖಂಡದ ಉಷ್ಣವಲಯದ ಗಿಡ ಎಂಬುದು ಹೆಚ್ಚಿನ ಸಸ್ಯತಜ್ಞರ ಅಭಿಪ್ರಾಯ. ಮೆಣಸಿನಕಾಯಿ, ಗೋಡಂಬಿಗಳ ಹಾಗೆ ಇದೂ ವಲಸಿಗ. ಚೀನಾದವರು ಬಳಸುವ ಫಿಲ್ಲಾಂಥಸ್ ಯೂರಿನೇರಿಯಾ ಮಾತ್ರ ಏಷ್ಯಾದ್ದೇ. ಚರಕ ಸಂಹಿತೆಯಲ್ಲಿ ಬರುವ ‘ತಾಮಲಕೀ’ಯನ್ನು ಆಯುರ್ವೇದದವರು ನೆಲನೆಲ್ಲಿ ಎಂದು ಗುರುತಿಸುತ್ತಾರೆ. ಆದರೆ ಚರಕ ಅದನ್ನು ಸೇರಿಸಿದ್ದು ಕೆಮ್ಮಿನ ಮತ್ತು ಉಸಿರಾಟದ ತೊಂದರೆಯ ಮದ್ದುಗಳ ಪಟ್ಟಿಗಳಲ್ಲಿ. ಕಾಮಾಲೆಯ ಕೀರ್ತಿಯನ್ನು ಅದಕ್ಕೆ ಹೆಚ್ಚಾಗಿ ತಂದುಕೊಟ್ಟವರು ಊರೂರಿನ ಮನೆಮದ್ದಿನವರು.

ಈಗ ಆ ಕೀರ್ತಿಯ ವಿಷಯಕ್ಕೇ ಬರೋಣ.

ಹಳದಿ ಕಣ್ಣು ಕಾಯಿಲೆಯಲ್ಲ

ನಮ್ಮ ಕಡೆ ಕಾಮಾಲೆ ಬಂತೆಂದರೆ ಮೊದಲ ಪ್ರಶ್ನೆ ‘ಯಾವ ಆಸ್ಪತ್ರೆ’ ಅಲ್ಲ, ‘ಯಾರ ಹತ್ರ ಮದ್ದು’ ಅನ್ನುವುದು. ಪ್ರತಿ ನಾಲ್ಕೈದು ಊರಿಗೊಬ್ಬರು ಕಾಮಾಲೆಗೆ ಮದ್ದು ಕೊಡುವವರು ಇರುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಅರೆದ ಸೊಪ್ಪನ್ನು ಹಸಿ ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕೊಡುತ್ತಾರೆ. ಮೂರು ದಿನ, ಐದು ದಿನ, ಒಬ್ಬೊಬ್ಬರದು ಒಂದೊಂದು ಲೆಕ್ಕ. ಜೊತೆಗೆ ಪಥ್ಯ: ಎಣ್ಣೆ ಇಲ್ಲ, ಮೀನು ಮಾಂಸ ಇಲ್ಲ, ಹೆಂಡವಂತೂ ಇಲ್ಲವೇ ಇಲ್ಲ, ಬಿಸಿಲಿಗೆ ಹೋಗಬಾರದು, ಭಾರ ಎತ್ತಬಾರದು. ಹಲವರು ದುಡ್ಡು ಕೇಳುವುದಿಲ್ಲ. ತೆಂಗಿನಕಾಯಿ, ವೀಳ್ಯದೆಲೆ ಇಟ್ಟು ಕೈ ಮುಗಿದರೆ ಆಯಿತು. ಮೋಸ ಮಾಡುವ ಉದ್ದೇಶ ಇವರಲ್ಲಿ ಬಹುಪಾಲು ಜನರಿಗೆ ಇಲ್ಲ. ನಾಟಿ ವೈದ್ಯದ ಮೇಲಿನ ನಂಬಿಕೆಗೆ ನಮ್ಮ ಜಿಲ್ಲೆಯಲ್ಲಿ ಆಳವಾದ ಬೇರಿದೆ. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರ ಮನೆ ಮುಂದೆ ಹೊರರಾಜ್ಯದವರೂ ಸರದಿಯಲ್ಲಿ ನಿಲ್ಲುತ್ತಿದ್ದುದು ಹಳೆಯ ಮಾತೇನಲ್ಲ.

ಮದ್ದು ಕುಡಿದವರಲ್ಲಿ ಬಹಳ ಜನ ಗುಣವಾಗುತ್ತಾರೆ ಎನ್ನುವುದೂ ನಿಜ. ಯಾಕೆ?

ಕಾಮಾಲೆ ಎನ್ನುವುದು ಒಂದು ರೋಗವಲ್ಲ, ಒಂದು ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಸಂಸ್ಕರಿಸಿ ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ಈ ಸಾಗಣೆ ಎಲ್ಲಿ ಕೆಟ್ಟರೂ ಹಳದಿ ರಕ್ತದಲ್ಲೇ ಉಳಿದು ಕಣ್ಣಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾರಣ ಹೆಪಟೈಟಿಸ್ ವೈರಸ್ ಇರಬಹುದು, ಹೆಂಡ ಇರಬಹುದು, ಪಿತ್ತನಾಳಕ್ಕೆ ಅಡ್ಡ ಕೂತ ಕಲ್ಲು ಇರಬಹುದು, ಗಡ್ಡೆ ಇರಬಹುದು, ರಕ್ತಕಣಗಳೇ ಬೇಗ ಒಡೆಯುವ ಕಾಯಿಲೆ ಇರಬಹುದು. ಎಲ್ಲರ ಕಣ್ಣೂ ಒಂದೇ ಹಳದಿ.

ಇದರಲ್ಲಿ ಹಾಸ್ಟೆಲ್, ಜಾತ್ರೆ, ಮದುವೆ ಮನೆ, ಗೂಡಂಗಡಿ ನೀರಿನಿಂದ ನಮಗೆ ಹೆಚ್ಚಾಗಿ ಬರುವುದು ಹೆಪಟೈಟಿಸ್ ಎ ಮತ್ತು ಇ. ಕೊಳಕು ನೀರು, ಆಹಾರದಿಂದ ಹರಡುವ ಇವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಅವಕ್ಕೆ ಅಲೋಪಥಿಯಲ್ಲೂ ವೈರಸ್ ಕೊಲ್ಲುವ ಮಾತ್ರೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ವಿಶ್ರಾಂತಿ, ಊಟ, ನೀರು, ನಿಗಾ ಅಷ್ಟೇ. ಗರ್ಭಿಣಿಯರಿಗೆ ಮಾತ್ರ ಇ ವೈರಸ್ ಜೀವಕ್ಕೇ ಅಪಾಯ. ಉಳಿದಂತೆ, ಹೇಗೂ ಗುಣವಾಗುವ ಕಾಯಿಲೆಗೆ ನಡುವೆ ಮೂರು ದಿನ ಏನು ಕುಡಿಸಿದರೂ ಹೆಸರು ಆ ಮದ್ದಿಗೇ. ಗೆದ್ದೆತ್ತಿನ ಬಾಲ ಹಿಡಿಯುವುದು ಅಂದರೆ ಇದೇ. ಪಥ್ಯದಲ್ಲಿ ಹೆಂಡ ಬಿಡಿಸುವುದು, ಮಲಗಿಸುವುದು ಇದೆಯಲ್ಲ, ಆ ಪಾಲಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಸಮಸ್ಯೆ ಇರುವುದು ತಾವಾಗಿ ಗುಣವಾಗದ ಹಳದಿಗಳಲ್ಲಿ.

ಎರಡು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ನೆಟ್ಟಿಗೆ ಕೈ ಸಾಲದೆ ಊರಿಗೆ ಬಂದು ವಾರವಿಡೀ ಗದ್ದೆಯಲ್ಲಿ ನಿಂತ. ಆಮೇಲೆ ಜ್ವರ, ಮೈಕೈ ನೋವು. ಕಾಲು ಊರಿ ನಿಲ್ಲಲಾಗದಷ್ಟು ಮೀನಖಂಡ ನೋವು. ಗದ್ದೆ ಕೆಲಸ ಅಭ್ಯಾಸವಿಲ್ಲ, ಅದಕ್ಕೇ ಎಂದುಕೊಂಡರು. ಐದನೇ ದಿನ ಕಣ್ಣು ಹಳದಿ. ಮನೆಯವರಿಗೆ ಒಂದು ರೀತಿ ಸಮಾಧಾನವೇ ಆಯಿತು, ಕಾಯಿಲೆ ಗೊತ್ತಾಯಿತಲ್ಲ ಎಂದು. ‘ಆಸ್ಪತ್ರೇಲಿ ಕಾಮಾಲೆಗೆ ಮದ್ದೆಲ್ಲಿದೆ ಮಾರಾಯ? ಗ್ಲೂಕೋಸ್ ಹಾಕಿ ಮಲಗಿಸ್ತಾರೆ ಅಷ್ಟೆ’ ಎಂದರು ದೊಡ್ಡಪ್ಪ. ಆ ಮಾತು ಪೂರ್ತಿ ಸುಳ್ಳೂ ಅಲ್ಲ ನೋಡಿ, ಅದೇ ಕಷ್ಟ. ಮೂರು ಬೆಳಿಗ್ಗೆ ನೆಲನೆಲ್ಲಿ ಕುಡಿಸಿದರು. ಜ್ವರ ಇಳಿಯಲಿಲ್ಲ, ಮೂತ್ರ ಕಡಿಮೆಯಾಗುತ್ತಾ ಬಂತು.

ಮನೆಗೆ ಬಂದ ಆಶಾ ಕಾರ್ಯಕರ್ತೆ ಕೇಳಿದ್ದು ಮೂರೇ ಪ್ರಶ್ನೆ. ‘ಜ್ವರ ಇನ್ನೂ ಇದ್ಯಾ? ಮೀನಖಂಡ ನೋಯ್ತದಾ? ಗದ್ದೆಗೆ ಇಳಿದಿದ್ನಾ?’ ಮೂರಕ್ಕೂ ಹೌದು ಅಂದಾಗ ಅವರು ಕೂರಲೂ ಇಲ್ಲ. ‘ಇದು ನಿಮ್ಮ ಕಾಮಾಲೆ ಅಲ್ಲ, ಈಗಲೇ ಗಾಡಿ ಮಾಡಿ’ ಎಂದರು. ಅದು ಇಲಿ ಜ್ವರವಾಗಿತ್ತು. ತೀವ್ರ ನಿಗಾ ಘಟಕದಲ್ಲಿ ಒಂಬತ್ತು ದಿನ, ಎರಡು ಸಲ ಡಯಾಲಿಸಿಸ್. ಬದುಕಿದ. ಆ ಸೆಮಿಸ್ಟರ್ ಹೋಯಿತು, ಕ್ಯಾಂಪಸ್ ಸಂದರ್ಶನವೂ ತಪ್ಪಿತು, ಅಡಿಕೆ ಮಾರಿ ಇಟ್ಟ ದುಡ್ಡೂ ಕರಗಿತು.

ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಇಲಿ, ಹೆಗ್ಗಣ, ದನಕರುಗಳ ಮೂತ್ರ ಸೇರಿದ ನೀರು, ಕೆಸರು ಕಾಲಿನ ಸಣ್ಣ ಗಾಯ, ಬಿರುಕಿಗೆ ತಾಗಿದರೆ ಸಾಕು. ಮಳೆ, ಗದ್ದೆ, ತೋಟ ಎಲ್ಲವೂ ಇರುವ ನಮ್ಮ ಸೀಮೆ ಅದಕ್ಕೆ ಹೇಳಿ ಮಾಡಿಸಿದ ಜಾಗ. ಹೆಚ್ಚಿನವರಲ್ಲಿ ಸಾದಾ ಜ್ವರದ ಹಾಗೆ ಬಂದು ಹೋಗುತ್ತದೆ. ಜೋರಾದರೆ ಯಕೃತ್ತು, ಮೂತ್ರಪಿಂಡ ಎರಡನ್ನೂ ಹಿಡಿಯುತ್ತದೆ. ಆಗ ಕಣ್ಣು ಹಳದಿಯಾಗುತ್ತದೆ. ಇದಕ್ಕೆ ಮದ್ದಿದೆ. ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಆ್ಯಂಟಿಬಯೋಟಿಕ್‌ಗಳೇ ಸಾಕು, ಬೇಗ ಕೊಟ್ಟರೆ. ನೆಲನೆಲ್ಲಿ ಕುಡಿದದ್ದರಿಂದ ಅವನಿಗೆ ತೊಂದರೆಯಾಯಿತು ಎಂದು ನಾನು ಹೇಳುತ್ತಿಲ್ಲ. ಅದು ತಿಂದದ್ದು ಮೂರು ದಿನವನ್ನು.

ಮದ್ರಾಸಿನ ಮೂವತ್ತೇಳು ಜನ

ಹಾಗಾದರೆ ಗಿಡದಲ್ಲಿ ಏನೂ ಇಲ್ಲವೇ? ಇದೇ ಪ್ರಶ್ನೆಯನ್ನು ಒಬ್ಬ ನೊಬೆಲ್ ವಿಜೇತರು ಗಂಭೀರವಾಗಿ ಹಿಡಿದುಕೊಂಡಿದ್ದರು ಎನ್ನುವುದು ನನಗೆ ತರಗತಿಯಲ್ಲಿ ಗೊತ್ತಾದಾಗ ರೋಮಾಂಚನವಾಗಿತ್ತು.

ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದವರು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಬಿ ವೈರಸ್ ನೀರಿನಿಂದ ಬರುವುದಲ್ಲ. ರಕ್ತ, ಸೂಜಿ, ಲೈಂಗಿಕ ಸಂಪರ್ಕ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುವಂಥದು. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಸಿರೋಸಿಸ್, ಯಕೃತ್ತಿನ ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಆಗ ಅದಕ್ಕೆ ಒಳ್ಳೆಯ ಮದ್ದಿರಲಿಲ್ಲ. ಬ್ಲೂಮ್‌ಬರ್ಗ್ ಮತ್ತು ಸಂಗಡಿಗರು ಸಾಂಪ್ರದಾಯಿಕ ವೈದ್ಯದಲ್ಲಿ ಬಳಸುವ ಗಿಡಗಳನ್ನು ಜಾಲಾಡಿದಾಗ ಕೈಗೆ ಸಿಕ್ಕಿದ್ದು ನಮ್ಮ ನೆಲನೆಲ್ಲಿ. ಅದರ ಸಾರ ವೈರಸ್ಸಿನ ಒಂದು ಕಿಣ್ವಕ್ಕೆ ಅಡ್ಡಿ ಮಾಡುತ್ತದೆ ಎಂದು 1987ರಲ್ಲಿ ಪ್ರಕಟಿಸಿದರು.

ಮರುವರ್ಷ ಮದ್ರಾಸಿನಲ್ಲಿ ಎಸ್.ಪಿ. ತ್ಯಾಗರಾಜನ್ ನೇತೃತ್ವದಲ್ಲಿ ನಡೆದ ಪ್ರಯೋಗ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬಿ ವೈರಸ್ಸನ್ನು ರಕ್ತದಲ್ಲಿ ಹೊತ್ತಿದ್ದವರಿಗೆ ದಿನಕ್ಕೆ ಮೂರು ಬಾರಿ 200 ಮಿಲಿಗ್ರಾಂ ಒಣ ನೆಲನೆಲ್ಲಿ ಪುಡಿಯನ್ನು 30 ದಿನ ಕೊಟ್ಟರು. ಮದ್ದು ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಮೇಲ್ಮೈ ಪ್ರತಿಜನಕ ಮಾಯವಾಗಿತ್ತು. ಸುಳ್ಳು ಕ್ಯಾಪ್ಸೂಲ್ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ನೂರಕ್ಕೆ 59, ನೂರಕ್ಕೆ 4. ಎಂಥ ಅಂತರ! ಗದ್ದೆಯ ಅಂಚಿನ ಕಳೆಯೊಂದು ಜಗತ್ತಿನ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಕೂತಿತ್ತು.

ಮುಂದೆ ಥಾಯ್ಲೆಂಡಿನಲ್ಲಿ, ನ್ಯೂಜಿಲೆಂಡಿನಲ್ಲಿ ಬೇರೆಯವರು ಅದನ್ನೇ ಮಾಡಿ ನೋಡಿದರು. ಮದ್ರಾಸಿನ ಫಲ ಬರಲಿಲ್ಲ. 1995ರಲ್ಲಿ ಚೀನಾದಲ್ಲಿ 123 ರೋಗಿಗಳ ಮೇಲೆ ಮೂರು ಬಗೆಯ ಫಿಲ್ಲಾಂಥಸ್‌ಗಳನ್ನು ಹೋಲಿಸಿದರು. ಅದರಲ್ಲಿ ಒಂದು ತ್ಯಾಗರಾಜನ್ ಕಳಿಸಿಕೊಟ್ಟ ಅಮಾರಸ್, ಇನ್ನೊಂದು ಹೆನಾನ್ ಪ್ರಾಂತ್ಯದ ಯೂರಿನೇರಿಯಾ. ಕೆಲವು ಅಳತೆಗಳಲ್ಲಿ ಯೂರಿನೇರಿಯಾ ಮೇಲೆನಿಸಿತು, ಆದರೆ ಮೇಲ್ಮೈ ಪ್ರತಿಜನಕ ಯಾರಲ್ಲೂ ಹೋಗಲಿಲ್ಲ. 2011ರಲ್ಲಿ ಕೊಕ್ರೇನ್ ಸಂಸ್ಥೆಯ ವಿಮರ್ಶಕರು 16 ಪ್ರಯೋಗಗಳ, ಒಟ್ಟು 1,326 ರೋಗಿಗಳ ಮಾಹಿತಿ ಕೂಡಿಸಿ ನೋಡಿದರು. ಸುಳ್ಳು ಮಾತ್ರೆಗಿಂತ ಫಿಲ್ಲಾಂಥಸ್ ಮೇಲು ಎನ್ನಲು ಮನವೊಪ್ಪುವ ಪುರಾವೆ ಸಿಗಲಿಲ್ಲ. ವೈರಸ್ ನಾಶಕ ಔಷಧದ ಜೊತೆ ಸೇರಿಸಿ ಕೊಟ್ಟಾಗ ಸ್ವಲ್ಪ ಲಾಭ ಕಂಡಿತಾದರೂ ಆ ಪ್ರಯೋಗಗಳ ಗುಣಮಟ್ಟವೇ ಸಾಲದು ಎಂದರು.

ಇದನ್ನು ಕೇಳಿ ಕೆಲವರು ‘ನೋಡಿ, ನಾಟಿ ಮದ್ದೆಲ್ಲ ಬೊಗಳೆ’ ಎನ್ನುತ್ತಾರೆ. ಇನ್ನು ಕೆಲವರು ‘ವಿದೇಶಿಯರ ಪಿತೂರಿ’ ಎನ್ನುತ್ತಾರೆ. ನನಗೆ ಎರಡೂ ಸೋಮಾರಿತನವೆನಿಸುತ್ತದೆ. ನಮ್ಮ ಮನೆಯಂಗಳದ ಗಿಡಕ್ಕೆ ಮದ್ರಾಸು, ಫಿಲಡೆಲ್ಫಿಯಾ, ಬೀಜಿಂಗ್‌ಗಳ ಜನ ಅಷ್ಟು ವರ್ಷ ಕೊಟ್ಟರು. ಅದೇ ಚೀನಾದಲ್ಲಿ ಟು ಯುಯು ಎಂಬ ವಿಜ್ಞಾನಿ ಹಳೆಯ ವೈದ್ಯ ಗ್ರಂಥದ ಸುಳಿವು ಹಿಡಿದು ಒಂದು ಗಿಡದಿಂದ ಮಲೇರಿಯಾ ಔಷಧ ಆರ್ಟೆಮಿಸಿನಿನ್ ತೆಗೆದರು, 2015ರಲ್ಲಿ ನೊಬೆಲ್ ಪಡೆದರು. ಆ ಗಿಡ ಪರೀಕ್ಷೆಯಲ್ಲಿ ಪಾಸಾಯಿತು, ನೆಲನೆಲ್ಲಿ ಬಿ ವೈರಸ್ಸಿನ ಪೇಪರಿನಲ್ಲಿ ಪಾಸಾಗಲಿಲ್ಲ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಯಕೃತ್ತಿಗೆ ರಕ್ಷಣೆ ಕೊಟ್ಟದ್ದು ಹಲವು ಬಾರಿ ಕಂಡಿದೆ. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ನಮ್ಮ ಆಗುಂಬೆ ಘಾಟಿಗಿಂತ ಕಡಿದು.

ಈ ನಡುವೆ ಬಿ ವೈರಸ್ಸಿಗೆ ಲಸಿಕೆ ಬಂದಿದೆ, ಅದನ್ನು ಹತೋಟಿಯಲ್ಲಿಡುವ ಮಾತ್ರೆಗಳಿವೆ. ಹೆಪಟೈಟಿಸ್ ಸಿ ಅನ್ನು ಸುಮಾರು ಮೂರು ತಿಂಗಳ ಮಾತ್ರೆಯಲ್ಲಿ ಬಹುಪಾಲು ಎಲ್ಲರಲ್ಲೂ ಗುಣಪಡಿಸಬಹುದು. ಕೇಂದ್ರ ಸರ್ಕಾರ 2018ರ ಜುಲೈ 28ರಂದು ಶುರುಮಾಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಎರಡಕ್ಕೂ ಪರೀಕ್ಷೆ, ಚಿಕಿತ್ಸೆ ಉಚಿತ. ಜುಲೈ 28 ವಿಶ್ವ ಹೆಪಟೈಟಿಸ್ ದಿನ. ಬ್ಲೂಮ್‌ಬರ್ಗ್ ಹುಟ್ಟಿದ ದಿನವೂ ಅದೇ.

ಅಂಗಡಿಯ ಪೊಟ್ಟಣದಲ್ಲಿ ಯಾರು?

ಬೇರೆ ಬೇರೆ ಕಡೆ ಬೇರೆ ಬೇರೆ ಫಲ ಬಂದಾಗ ಎದ್ದ ಅನುಮಾನಗಳಲ್ಲಿ ಒಂದು ನಮ್ಮಂಥ ಬಾಟನಿಯವರಿಗೆ ನೇರ ಸಂಬಂಧಿಸಿದ್ದು: ಎಲ್ಲರೂ ಕೊಟ್ಟದ್ದು ಒಂದೇ ಗಿಡವೇ? ಭಾರತದ ನೆಲನೆಲ್ಲಿಯನ್ನು ಪುಸ್ತಕಗಳು ಬಹುಕಾಲ ಫಿಲ್ಲಾಂಥಸ್ ನಿರೂರಿ ಎಂದೇ ಕರೆದವು. ಆಮೇಲೆ ನೋಡಿದರೆ ನಿರೂರಿ ಅಮೆರಿಕದ ಬೇರೆಯೇ ಪ್ರಭೇದ. ಇಲ್ಲಿ ಆ ಹೆಸರಿನ ಅಡಿಯಲ್ಲಿ ಅಮಾರಸ್, ಫ್ರಾಟರ್ನಸ್, ಡೆಬಿಲಿಸ್ ಎಲ್ಲವೂ ಕಲಸಿಹೋಗಿದ್ದವು. ಅಂದರೆ ದಶಕಗಳ ಕಾಲ ನಮ್ಮ ಗಿಡ ಬೇರೆಯವರ ಆಧಾರ್ ಕಾರ್ಡ್ ಇಟ್ಟುಕೊಂಡು ಓಡಾಡುತ್ತಿತ್ತು.

2010ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಅಂಗಡಿಗೇ ಹೋಗಿ ಪರೀಕ್ಷಿಸಿತು. ಬೆಂಗಳೂರಿನ ವಿಜ್ಞಾನಿಗಳಾದ ಆರ್. ಉಮಾಶಂಕರ್, ಕೆ.ಎನ್. ಗಣೇಶಯ್ಯ ಅವರ ಈ ತಂಡದಲ್ಲಿ ನಮ್ಮ ಕುವೆಂಪು ವಿಶ್ವವಿದ್ಯಾಲಯದ ಎಂ.ಬಿ. ಶಿವಣ್ಣ ಅವರೂ ಇದ್ದರು. (ಗಣೇಶಯ್ಯ ಅಂದರೆ ಹೌದು, ನೀವು ರಾತ್ರಿಯೆಲ್ಲ ಕೂತು ಓದಿದ ಆ ಕಾದಂಬರಿಗಳ ಲೇಖಕರೇ.) ದಕ್ಷಿಣ ಭಾರತದ 25 ಗ್ರಂಥಿಗೆ ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಒಣ ಸರಕು ತಂದು, ಗಿಡದ ಲಕ್ಷಣಗಳಿಂದಲೂ ಡಿಎನ್‌ಎ ಬಾರ್‌ಕೋಡ್‌ನಿಂದಲೂ ಗುರುತಿಸಿದರು. ಶೇ 76ರಷ್ಟು ಮಾದರಿಗಳಲ್ಲಿ ಇದ್ದದ್ದು ಬಹುತೇಕ ಪೂರ್ತಿ ಅಮಾರಸ್. ಉಳಿದ ಶೇ 24ರಲ್ಲಿ ಡೆಬಿಲಿಸ್, ಫ್ರಾಟರ್ನಸ್, ಯೂರಿನೇರಿಯಾ, ಮದರಾಸ್‌ಪಟೆನ್ಸಿಸ್, ಕೋಳಿಕ್ಕೋಡಿನ ಹೆಸರು ಹೊತ್ತ ಕೋಳಿಕೋಡಿಯಾನಸ್, ಹೀಗೆ ಐದು ಬೇರೆ ಪ್ರಭೇದಗಳು. ನಾಲ್ಕು ಅಂಗಡಿಗೆ ಹೆಚ್ಚುಕಡಿಮೆ ಒಂದು ಅಂಗಡಿ.

ಇದರಲ್ಲಿ ಏನು ಮಹಾ, ಎಲ್ಲವೂ ನೆಲನೆಲ್ಲಿಯೇ ತಾನೆ ಎನ್ನಬಹುದು. ಆದರೆ ಯಕೃತ್ತಿಗೆ ಒಳ್ಳೆಯದು ಎಂದು ಹೆಸರಾದ ಫಿಲ್ಲಾಂಥಿನ್, ಹೈಪೋಫಿಲ್ಲಾಂಥಿನ್ ಎಂಬ ರಾಸಾಯನಿಕಗಳು ಅಮಾರಸ್‌ನಲ್ಲಿ ಚೆನ್ನಾಗಿವೆ. ಅದರ ನೆಂಟರಲ್ಲಿ ಕೆಲವಕ್ಕೆ ಅವು ತೀರಾ ಕಡಿಮೆ, ಇಲ್ಲವೆಂದರೂ ಆದೀತು. ಈ ಗಿಡವನ್ನು ಹೆಚ್ಚಾಗಿ ಯಾರೂ ಬೆಳೆಯುವುದೂ ಇಲ್ಲ. ಭಾರತದಲ್ಲಿ ಮಾರಾಟವಾಗುವ ಔಷಧೀಯ ಸಸ್ಯಗಳ ಬಗ್ಗೆ 2008ರಲ್ಲಿ ಬಂದ ರಾಷ್ಟ್ರಮಟ್ಟದ ವರದಿ 960 ಪ್ರಭೇದಗಳನ್ನು ಪಟ್ಟಿ ಮಾಡಿತ್ತು. ವರ್ಷಕ್ಕೆ 100 ಟನ್‌ಗಿಂತ ಹೆಚ್ಚು ಬೇಡಿಕೆಯಿದ್ದ 178ರಲ್ಲಿ ನೆಲನೆಲ್ಲಿಯೂ ಇತ್ತು. ಅದು ಬರುವುದು ರಸ್ತೆ ಬದಿ, ಹೊಲದಂಚು, ಪಾಳು ಜಾಗಗಳಿಂದ. ಕೀಳುವವರು ದಿನಗೂಲಿಯ ಹೆಂಗಸರು. ಚೀಲಕ್ಕೆ ಯಾವುದು ಬಿತ್ತು ಎಂದು ನೋಡುವವರು ಆ ಸರಪಳಿಯಲ್ಲಿ ಎಲ್ಲೋ ಒಬ್ಬರಿದ್ದರೆ ಪುಣ್ಯ. ಇನ್ನೊಂದು ಭಯವೂ ಇದೆ. ಈಗ ತೋಟದಲ್ಲಿ ಕಳೆ ಕೊಚ್ಚಲು ಆಳು ಸಿಗದೆ ಕಳೆನಾಶಕ ಹೊಡೆಯುತ್ತಾರೆ. ಹೊಡೆದ ಮರುದಿನ ಗಿಡ ಇನ್ನೂ ಹಸಿರಾಗಿಯೇ ಇರುತ್ತದೆ.

ಗುರುತಿಸುವುದು ಮಾತ್ರ ಬ್ರಹ್ಮವಿದ್ಯೆಯಲ್ಲ. ಹತ್ತು ರೂಪಾಯಿಯ ಭೂತಗನ್ನಡಿ ಇದ್ದರೆ ಆದೀತು. ಕಾಂಡ ಹಸಿರಾಗಿದ್ದು, ಕಾಯಿ ನುಣುಪಾಗಿದ್ದು, ಕಾಯಿಗೊಂದು ಪುಟ್ಟ ತೊಟ್ಟಿದ್ದರೆ, ಹೂವಿಗೆ ಐದು ದಳದಂಥ ಎಸಳಿದ್ದರೆ ಅದು ಅಮಾರಸ್ ಆಗುವ ಸಾಧ್ಯತೆ ಹೆಚ್ಚು. ಎಸಳು ಆರಿದ್ದರೆ ಫ್ರಾಟರ್ನಸ್ ಇರಬಹುದೇ ಎಂದು ನೋಡಿ. ಕಾಂಡ ಕೆಂಪಾಗಿ, ಕಾಯಿ ತೊಟ್ಟಿಲ್ಲದೆ ಕಡ್ಡಿಗೇ ಅಂಟಿಕೊಂಡು, ಮುಟ್ಟಿದರೆ ಒರಟಾಗಿ ಗಂಟುಗಂಟಾಗಿದ್ದರೆ ಅದು ಯೂರಿನೇರಿಯಾ, ಚೀನಾದವರ ಮುತ್ತು. ಬೀಜವೂ ಮಾತಾಡುತ್ತದೆ: ಅಮಾರಸ್ ಬೀಜದ ಬೆನ್ನಿನ ಗೆರೆಗಳು ಉದ್ದಕ್ಕೆ, ಯೂರಿನೇರಿಯಾದ್ದು ಅಡ್ಡಕ್ಕೆ. ಇಷ್ಟನ್ನು ಅಜ್ಜಿಗೆ ತೋರಿಸಿದಾಗ ಅವರು ನಕ್ಕು, ‘ಕೆಂಪು ದಂಟಿಂದು ನಾವು ಮೊದ್ಲಿಂದ್ಲೂ ತಂಬುಳಿಗೆ ಹಾಕಲ್ಲ, ಅದ್ಕೇನ್ ಕಾಲೇಜು ಬೇಕಾ’ ಎಂದರು.

ಬಾಟನಿ ತಗೊಂಡರೆ ಕೆಲಸ ಎಲ್ಲಿ ಎಂದು ನೆಂಟರು ಕೇಳುತ್ತಲೇ ಇರುತ್ತಾರೆ. ಈ ಪುಟ ಓದುವ ಎಷ್ಟೋ ಜನರಿಗೂ ಅದೇ ಪ್ರಶ್ನೆ ಎದುರಾಗಿರುತ್ತದೆ. ಸರ್ಕಾರಿ ಲೆಕ್ಚರರ್ ಹುದ್ದೆಯೊಂದನ್ನೇ ಕಾಯುತ್ತಾ ಕೂತರೆ ಉತ್ತರ ಕಷ್ಟವೇ. ಆದರೆ ಆಯುರ್ವೇದ ಔಷಧ ತಯಾರಿಸುವ ಪ್ರತಿಯೊಂದು ಘಟಕಕ್ಕೂ ಕಚ್ಚಾ ಸರಕನ್ನು ಪರೀಕ್ಷಿಸಿ ‘ಇದು ಅದೇ’ ಎಂದು ಸಹಿ ಹಾಕುವವರು ಬೇಕು. ಫಾರ್ಮಸಿಯವರಿಗೆ ಫಾರ್ಮಕೊಗ್ನಸಿ ಎಂಬ ವಿಷಯವೇ ಇದೆ. ಬಿಎಎಂಎಸ್‌ನವರಿಗೆ ದ್ರವ್ಯಗುಣ. ರಸಾಯನಶಾಸ್ತ್ರದವರಿಗೆ ಫಿಲ್ಲಾಂಥಿನ್ ಅಳೆಯುವ ಕೆಲಸ. ಬಯೋಟೆಕ್ನಾಲಜಿಯವರಿಗೆ ಬಾರ್‌ಕೋಡ್. ಕೃಷಿ ಓದಿದವರಿಗೆ ಬೇಸಾಯ; ಲಖನೌದ ಸೀಮ್ಯಾಪ್ ಸಂಸ್ಥೆ ನೆಲನೆಲ್ಲಿಯ ಸುಧಾರಿತ ತಳಿಯನ್ನೇ ಹೊರತಂದಿದೆ. ಸಂಬಳ ಶುರುವಿನಲ್ಲಿ ಐಟಿಯ ಗೆಳೆಯರ ಮುಂದೆ ಹೇಳಿಕೊಳ್ಳುವಷ್ಟು ಇರುವುದಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಆದರೆ ಪೈಪೋಟಿಯೂ ಅಷ್ಟಿಲ್ಲ. ಗಿಡವನ್ನು ಕೈಯಲ್ಲಿ ಹಿಡಿದು ಹೆಸರು ಹೇಳಬಲ್ಲವರು ಎಲ್ಲ ಕಡೆಯೂ ಕಡಿಮೆಯಾಗುತ್ತಿದ್ದಾರೆ.

ನಮಗಂತೂ ಕಲಿಯುವ ಜಾಗ ಹಿತ್ತಿಲಲ್ಲೇ ಇದೆ. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ; ಅಲ್ಲಿನ ಸಂಶೋಧಕರು ಸಾಗರ ತಾಲ್ಲೂಕಿನ ನಾಟಿ ವೈದ್ಯ ಜ್ಞಾನವನ್ನೇ ದಾಖಲಿಸಿದ್ದಾರೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶ. ಇವೆಲ್ಲದರ ನಡುವೆ ಕಾಮಾಲೆಗೆ ಮದ್ದು ಕೊಡುವ ಹಿರಿಯರು ಇನ್ನೂ ಇದ್ದಾರೆ. ನಮ್ಮೂರಿನ ಪಕ್ಕದ ಹಳ್ಳಿಯ ಒಬ್ಬರು ಈಗ ಮದ್ದು ಅರೆಯುವ ಮೊದಲು ಆ ಆಶಾ ಕಾರ್ಯಕರ್ತೆಯ ಮೂರು ಪ್ರಶ್ನೆ ಕೇಳುತ್ತಾರೆ. ಒಂದಕ್ಕೆ ಹೌದು ಎಂದರೂ ‘ಮೊದ್ಲು ರಕ್ತ ಪರೀಕ್ಷೆ ಮಾಡ್ಸಿ, ಚೀಟಿ ತಗೊಂಡ್ ಬನ್ನಿ’ ಎಂದು ವಾಪಸ್ ಕಳಿಸುತ್ತಾರೆ. ಮದ್ದಿಗೆ ಬರುವವರ ಸಂಖ್ಯೆ ಅದರಿಂದೇನೂ ಕಡಿಮೆಯಾಗಿಲ್ಲವಂತೆ.

ಈ ಮಳೆಗಾಲ ನಮ್ಮ ತರಗತಿಯ ನಾಲ್ಕು ಜನ ಸೇರಿ ಊರೂರಿನ ನೆಲನೆಲ್ಲಿ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ, ಯಾವ ಊರು, ಯಾವ ಜಾಗ, ಯಾವ ತಾರೀಖು ಎಂದು ಬರೆದಿಡುತ್ತಿದ್ದೇವೆ. ಇಲ್ಲಿಯವರೆಗೆ ನಲವತ್ತೊಂದು ಹಾಳೆ ಆಗಿದೆ. ಬಹುಪಾಲು ಅಮಾರಸ್. ಕೆಂಪು ದಂಟಿನದು ಸಿಕ್ಕಿದ್ದು ಆರು ಕಡೆ, ಅದರಲ್ಲಿ ಎರಡು ಮೇಳಿಗೆಯ ಅನಂತನಾಥ ಬಸದಿಗೆ ಹೋಗುವ ದಾರಿಯ ಬದಿಯಲ್ಲಿ. ಇನ್ನು ಮೂರು ಹಾಳೆಗಳ ಮೇಲೆ ಹೆಸರಿನ ಜಾಗ ಖಾಲಿಯಿದೆ. ಅವುಗಳ ಬೀಜ ಬಲಿಯುವುದನ್ನು ಕಾಯುತ್ತಿದ್ದೇವೆ.